ವೀಸಾ ಕೇಸಿಗೆ ಸೈಕಾಲಜಿಸ್ಟ್ ವರದಿ: ಒಂದು ಪ್ಯಾರಾದ ಸರ್ಟಿಫಿಕೇಟ್ ಯಾಕೆ ಸಾಲುವುದಿಲ್ಲ?

ಪ್ರಶ್ನೆ: ನನ್ನ ತಮ್ಮ ವಿಸಿಟರ್ ವೀಸಾದಲ್ಲಿ ಅಮೆರಿಕಕ್ಕೆ ಹೋದವನು ಅವಧಿ ಮುಗಿದ ಮೇಲೂ ಐದು ವರ್ಷ ಅಲ್ಲೇ ಉಳಿದ. ಅಲ್ಲೇ ಮದುವೆಯೂ ಆಯಿತು. ಹುಡುಗಿ ನಮ್ಮ ಕಡೆಯವಳೇ. ಒಂಬತ್ತು ವರ್ಷದವಳಿದ್ದಾಗ ಅಪ್ಪ ಅಮ್ಮನ ಜೊತೆ ಹೋಗಿದ್ದಳು, ಈಗ ಅಲ್ಲಿನ ಪ್ರಜೆ, ನ್ಯೂಜೆರ್ಸಿಯಲ್ಲಿ ನರ್ಸ್. ನಾಲ್ಕು ವರ್ಷದ ಮಗಳಿದ್ದಾಳೆ. ನಮ್ಮ ತಂದೆ ತೀರಿಕೊಂಡಾಗ ತಮ್ಮ ಗ್ರೀನ್ ಕಾರ್ಡ್ ಅರ್ಜಿಗೆ ಕಾಯದೆ ಬೊಜ್ಜಕ್ಕೆಂದು (ಉತ್ತರಕ್ರಿಯೆಗೆಂದು) ಊರಿಗೆ ಬಂದುಬಿಟ್ಟ. ಈಗ ಮುಂಬೈ ಕಾನ್ಸುಲೇಟಿನವರು ಹತ್ತು ವರ್ಷ ಹೋಗುವ ಹಾಗಿಲ್ಲ ಎಂದಿದ್ದಾರೆ. ಅಲ್ಲಿನ ವಕೀಲರು ಐ-601 ಹಾಕೋಣ, ಸೈಕಲಾಜಿಕಲ್ ಇವ್ಯಾಲ್ಯುಯೇಷನ್ ಬೇಕು ಅಂದರು. ಮಂಗಳೂರಿನ ಮನೋವೈದ್ಯರಿಂದ ತಮ್ಮನಿಗೂ ಅಮ್ಮನಿಗೂ ಸರ್ಟಿಫಿಕೇಟ್ ಮಾಡಿಸಿ ಕಳಿಸಿದೆವು. ಇದು ಉಪಯೋಗಕ್ಕಿಲ್ಲ ಅನ್ನುತ್ತಾರೆ. ತಮ್ಮನ ಹೆಂಡತಿ ಎರಡು ತಿಂಗಳಲ್ಲಿ ಎರಡು ವಾರಕ್ಕೆ ಬರುವವಳಿದ್ದಾಳೆ. ಅವಳದ್ದನ್ನು ಇಲ್ಲೇ ಮಾಡಿಸಬಹುದೇ? – ಕಾಪುವಿನ ಓದುಗರು

ಉತ್ತರ: ವಕೀಲರು ಹೇಳಿದ್ದು ಸರಿ. ನೀವು ಕಳಿಸಿದ ಎರಡು ಸರ್ಟಿಫಿಕೇಟೂ ಕಾನೂನು ಕೇಳದವರದ್ದು.

1996ರ ಕಾಯ್ದೆಯ ಪ್ರಕಾರ ಅಮೆರಿಕದಲ್ಲಿ 180 ದಿನಕ್ಕಿಂತ ಹೆಚ್ಚು, ಒಂದು ವರ್ಷಕ್ಕಿಂತ ಕಡಿಮೆ ಅಕ್ರಮವಾಗಿ ಉಳಿದು ತಾನಾಗಿಯೇ ಹೊರಟವರಿಗೆ 3 ವರ್ಷ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಉಳಿದವರಿಗೆ 10 ವರ್ಷ ನಿರ್ಬಂಧ. ಅಲ್ಲಿ ಇರುವವರೆಗೆ ಇದು ತಟ್ಟುವುದಿಲ್ಲ, ದೇಶ ಬಿಟ್ಟ ದಿನ ಬಂದು ಕೂರುತ್ತದೆ. ವೀಸಾದ ಮೇಲೆ ಒಳಹೊಕ್ಕು ಅಮೆರಿಕದ ಪ್ರಜೆಯನ್ನು ಮದುವೆಯಾದವರು ಸಾಮಾನ್ಯವಾಗಿ ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದಿತ್ತು. ತಂದೆಯ ಬೊಜ್ಜಕ್ಕೆ ಬಂದವರಿಗೆ ಆ ಲೆಕ್ಕ ಹೇಳಿ ಫಲವಿಲ್ಲ, ಅದು ಮುಗಿದ ಮಾತು.

ಈ ನಿರ್ಬಂಧಕ್ಕೆ ವಿನಾಯಿತಿ ಕೇಳುವ ಅರ್ಜಿಯೇ ಐ-601. ಅದರಲ್ಲಿ ತೋರಿಸಬೇಕಾದದ್ದು 'ಎಕ್ಸ್‌ಟ್ರೀಮ್ ಹಾರ್ಡ್‌ಶಿಪ್', ಅಂದರೆ ಅತಿಯಾದ ಕಷ್ಟ. ಆ ಕಷ್ಟ ಯಾರಿಗೆ ಆಗಬೇಕು ಎಂಬುದನ್ನು ಕಾನೂನೇ ಗೆರೆ ಎಳೆದು ಹೇಳಿದೆ: ಅರ್ಜಿದಾರನ ಗಂಡ ಅಥವಾ ಹೆಂಡತಿ, ತಂದೆ ಅಥವಾ ತಾಯಿ. ಅವರೂ ಅಮೆರಿಕದ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರಾಗಿರಬೇಕು. ಇವರನ್ನು 'ಕ್ವಾಲಿಫೈಯಿಂಗ್ ರಿಲೇಟಿವ್' ಅನ್ನುತ್ತಾರೆ. ನಿಮ್ಮ ತಮ್ಮನಿಗೆ ಅಂಥವರು ಒಬ್ಬರೇ, ಹೆಂಡತಿ. ಅಮ್ಮ ಭಾರತದ ಪ್ರಜೆ. ಅವರ ಬಿಪಿ, ಸಕ್ಕರೆ ಕಾಯಿಲೆ, ಗಂಡನನ್ನು ಕಳಕೊಂಡ ದುಃಖ ಎಲ್ಲವೂ ನಿಜ, ಆದರೆ ಈ ಅರ್ಜಿಯಲ್ಲಿ ಅದಕ್ಕೆ ತೂಕವಿಲ್ಲ. ತಮ್ಮನ ಸಂಕಟವೂ ಹಾಗೇ, ಅದು ಹೆಂಡತಿಯ ಮೇಲೆ ಏನು ಪರಿಣಾಮ ಮಾಡುತ್ತಿದೆ ಎನ್ನುವಷ್ಟಕ್ಕೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಗಳು ಹುಟ್ಟಿನಿಂದ ಪ್ರಜೆಯಾದರೂ ಈ ಪಟ್ಟಿಯಲ್ಲಿಲ್ಲ. ಮಗು ರಾತ್ರಿ ಎದ್ದು ಅಪ್ಪನನ್ನು ಕೇಳಿ ಅಳುತ್ತದೆ ಎಂಬುದು ತಾಯಿಯ ನಿದ್ದೆ, ಕೆಲಸ, ಮನಸ್ಸಿನ ಮೂಲಕವೇ ವರದಿಯೊಳಗೆ ಬರಬೇಕು.

ಇಷ್ಟಾದ ಮೇಲೆ ಇನ್ನೊಂದು ತೊಡಕಿದೆ. ಕುಟುಂಬ ಅಗಲುವುದು, ಆದಾಯ ಕಡಿಮೆಯಾಗುವುದು, ಹೊಸ ದೇಶಕ್ಕೆ ಹೊಂದಿಕೊಳ್ಳುವ ಕಷ್ಟ, ಅಲ್ಲಿನ ಶಾಲೆ ಆಸ್ಪತ್ರೆಗಳ ಮಟ್ಟ ಕಡಿಮೆ ಇರುವುದು, ಬೇಕಾದ ಉದ್ಯೋಗ ಸಿಗದಿರುವುದು, ಇವೆಲ್ಲ ಎಲ್ಲ ಕೇಸಿನಲ್ಲೂ ಇರುವ 'ಸಾಮಾನ್ಯ ಪರಿಣಾಮ' ಎಂದು ಅಮೆರಿಕದ ವಲಸೆ ಇಲಾಖೆ, ಅಂದರೆ ಯುಎಸ್‌ಸಿಐಎಸ್, ತನ್ನ ನಿಯಮಾವಳಿಯಲ್ಲೇ ಬರೆದುಕೊಂಡಿದೆ. ಇವುಗಳಲ್ಲಿ ಯಾವುದೊಂದೂ ತಾನಾಗಿಯೇ 'ಅತಿಯಾದ ಕಷ್ಟ' ಆಗುವುದಿಲ್ಲ. ಎಲ್ಲವನ್ನೂ ಒಟ್ಟು ಹಾಕಿ ನೋಡಿದಾಗ ಸಾಮಾನ್ಯಕ್ಕಿಂತ ಎಷ್ಟು ಮೇಲೆ ಹೋಗುತ್ತದೆ ಎಂಬುದೇ ಪ್ರಶ್ನೆ. ಹಾಗಾಗಿ "ಗಂಡ ಇಲ್ಲದೆ ಖಿನ್ನತೆಯಲ್ಲಿದ್ದಾರೆ, ಗಂಡನ ಆಸರೆ ಅಗತ್ಯ" ಎಂಬ ಲೆಟರ್‌ಹೆಡ್ಡಿನ ಎರಡು ಸಾಲು ಅಧಿಕಾರಿಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತದೆ. ಅವರಿಗೆ ಬೇಕಾದದ್ದು ಕೊಂಡಿ: ಈ ಮನುಷ್ಯಳಿಗೆ, ಈ ಅಗಲಿಕೆಯಿಂದ, ಇಂಥದ್ದೇ ಹಾನಿ ಆಗುತ್ತಿದೆ, ಬೇರೆಯವರಿಗಿಂತ ಇವಳಿಗೆ ಹೆಚ್ಚು ಯಾಕೆ.

ಆ ಕೊಂಡಿ ಎರಡು ದಾರಿಯಲ್ಲಿ ಹೋಗಬೇಕು. ಗಂಡ ಇಲ್ಲಿ, ಹೆಂಡತಿ ಅಲ್ಲಿ ಎಂದಾದರೆ ಏನು? ಹೆಂಡತಿ ಎಲ್ಲ ಬಿಟ್ಟು ಕಾಪುವಿಗೆ ಬಂದು ಕೂತರೆ ಏನು? ಎರಡರಲ್ಲಿ ಯಾವುದು ನಿಜವಾಗಿ ನಡೆಯುತ್ತದೆ ಎಂದು ಹೆಂಡತಿ ಪ್ರಮಾಣಪೂರ್ವಕ ಹೇಳಿಕೆ ಕೊಟ್ಟು, ಅದು ನಂಬುವಂತಿದ್ದರೆ ಆ ಒಂದನ್ನು ಸಾಬೀತು ಮಾಡಿದರೆ ಸಾಕು. ಆದರೂ ವರದಿಯಲ್ಲಿ ಎರಡೂ ಇರಲಿ. ತಿರಸ್ಕಾರವಾಗುವ ಬಹಳಷ್ಟು ವರದಿಗಳು ಮೊದಲನೆಯದನ್ನು ಎಂಟು ಪುಟ ಬರೆದು, ಎರಡನೆಯದಕ್ಕೆ "ಭಾರತಕ್ಕೆ ಹೋಗಲು ಸಾಧ್ಯವಿಲ್ಲ" ಎಂಬ ಒಂದೇ ವಾಕ್ಯ ಕೊಟ್ಟಿರುತ್ತವೆ.

ಇನ್ನು ಇಲ್ಲೇ ಮಾಡಿಸಬಹುದೇ ಎಂಬ ಪ್ರಶ್ನೆ. ಐ-601ಕ್ಕೆ ವರದಿ ಬರೆಯುವವರು ಅಮೆರಿಕದ ಲೈಸೆನ್ಸಿನವರೇ ಆಗಿರಬೇಕು ಎಂಬ ನಿಯಮವಿಲ್ಲ. (ಪೌರತ್ವ ಪರೀಕ್ಷೆಯಿಂದ ವಿನಾಯಿತಿ ಕೇಳುವ ಎನ್-648 ಫಾರ್ಮಿಗೆ ಅಂಥ ನಿಯಮವಿದೆ. ಅದನ್ನೂ ಇದನ್ನೂ ಗೊಂದಲ ಮಾಡಿಕೊಳ್ಳಬೇಡಿ.) ಆದರೂ ಮುಖ್ಯ ವರದಿಯನ್ನು ನ್ಯೂಜೆರ್ಸಿಯಲ್ಲೇ ಮಾಡಿಸುವುದು ಒಳ್ಳೆಯದು. ಅವಳ ಕಷ್ಟ ನಡೆಯುತ್ತಿರುವುದು ಅಲ್ಲಿ, ಫ್ಯಾಮಿಲಿ ಡಾಕ್ಟರ ದಾಖಲೆ ಇರುವುದು ಅಲ್ಲಿ, ಮುಂದೆ ಚಿಕಿತ್ಸೆ ನಡೆಯಬೇಕಾದದ್ದೂ ಅಲ್ಲಿ. ರಜೆಯ ಎರಡು ವಾರ ಗಂಡ ಮಗು ಒಟ್ಟಿಗಿರುವಾಗ ಅವಳ ಮನಸ್ಸು ಹೇಗೂ ಸ್ವಲ್ಪ ಹಗುರವಾಗಿರುತ್ತದೆ, ಪರೀಕ್ಷೆಯ ಅಂಕವೂ ಹಾಗೇ ಬರುತ್ತದೆ. ವಿಡಿಯೋ ಕಾಲಿನಲ್ಲಿ ಮಾಡುವುದಾದರೆ ಲೈಸೆನ್ಸ್ ನೋಡುವುದು ಕುಳಿತವರು ಎಲ್ಲಿದ್ದಾರೆ ಎಂಬುದರ ಮೇಲೆ. ಮಂಗಳೂರಿನ ಸೈಕಾಲಜಿಸ್ಟ್ ನ್ಯೂಜೆರ್ಸಿಯಲ್ಲಿ ಕೂತವಳನ್ನು ಪರೀಕ್ಷಿಸಿದರೆ ನ್ಯೂಜೆರ್ಸಿಯ ಲೈಸೆನ್ಸ್ ಪ್ರಶ್ನೆ ಏಳುತ್ತದೆ, ಅಲ್ಲಿನವರು ಕಾಪುವಿನಲ್ಲಿ ಕೂತವಳನ್ನು ನೋಡಿದರೂ ಅಂಥದ್ದೇ ತಕರಾರು.

ಸರಿಯಾದ ಪರೀಕ್ಷೆ ಒಂದು ಸಲ ಕೂತು ಮುಗಿಯುವುದಲ್ಲ. ಒಂದೂವರೆಯಿಂದ ಎರಡು ಗಂಟೆಯ ಎರಡು ಮೂರು ಭೇಟಿ, ಅವುಗಳ ನಡುವೆ ಕೆಲವು ವಾರ ಅಂತರ ಇದ್ದರೆ ಉತ್ತಮ. ಅರ್ಜಿ ಹಾಕುವ ಹಿಂದಿನ ವಾರ ಒಂದೇ ಸಲ ನೋಡಿ ಬರೆದ ವರದಿಯನ್ನು ಅಧಿಕಾರಿಗಳು ಕೇಸಿಗಾಗಿ ಮಾಡಿಸಿದ್ದು ಎಂದು ಪಕ್ಕಕ್ಕಿಡುವುದು ಸಾಮಾನ್ಯ. ಮೊದಲ ಭೇಟಿಯಲ್ಲೇ ಸೈಕಾಲಜಿಸ್ಟ್ ಒಂದು ಮಾತು ಹೇಳಿ ಸಹಿ ತೆಗೆದುಕೊಳ್ಳಬೇಕು: ಇದು ಚಿಕಿತ್ಸೆಯಲ್ಲ, ನೀವು ಹೇಳಿದ್ದು ಸರಕಾರಕ್ಕೆ ಹೋಗುತ್ತದೆ. ಗಂಡ ಹೆಂಡಿರ ನಡುವೆ ಆರು ತಿಂಗಳು ಮಾತಿರಲಿಲ್ಲ ಎಂದು ಬಾಯಿ ಬಿಟ್ಟರೆ ಅದೂ ಕಾಗದದ ಮೇಲೆ ಬರುತ್ತದೆ. ಬಚ್ಚಿಡಲು ಹೇಳುತ್ತಿಲ್ಲ, ಅಂಥದ್ದು ಇದ್ದರೆ ವಕೀಲರಿಗೆ ಮೊದಲೇ ಗೊತ್ತಿರಲಿ.

ವರದಿ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಪುಟ. ಬರೆದವರ ಅರ್ಹತೆ ಮತ್ತು ಲೈಸೆನ್ಸ್ ನಂಬರ್, ವಕೀಲರು ಕೇಳಿದ ಪ್ರಶ್ನೆ, ಯಾವ ದಿನ ಎಷ್ಟು ಹೊತ್ತು ನೋಡಿದರು, ಏನೇನು ದಾಖಲೆ ಓದಿದರು, ಬಾಲ್ಯದಿಂದ ಈವರೆಗಿನ ಚರಿತ್ರೆ, ಮಾತಾಡುವಾಗ ಕಂಡ ಮನಸ್ಥಿತಿ, ಪರೀಕ್ಷೆಗಳು, ರೋಗನಿರ್ಣಯ, ಎರಡೂ ದಾರಿಯಲ್ಲಿ ಮುಂದೇನಾಗಬಹುದು, ಚಿಕಿತ್ಸೆಯ ಸಲಹೆ, ವರದಿಯ ಮಿತಿಗಳು. ಕೊನೆಯದನ್ನು ಬರೆಯದ ವರದಿಯ ಬಗ್ಗೆ ನನಗೆ ಸಂಶಯ ಜಾಸ್ತಿ. ಎಲ್ಲವೂ ಖಚಿತ ಎನ್ನುವ ತಜ್ಞರನ್ನು ಅಧಿಕಾರಿಯೂ ನಂಬುವುದಿಲ್ಲ.

ಪರೀಕ್ಷೆ ಎಂದರೆ ಇಲ್ಲಿ ಪ್ರಶ್ನಾವಳಿಗಳು. ಖಿನ್ನತೆಗೆ ಪಿಎಚ್‌ಕ್ಯೂ-9: ಒಂಬತ್ತು ಪ್ರಶ್ನೆ, ಕಳೆದ ಎರಡು ವಾರದ ಬಗ್ಗೆ, ಒಂದೊಂದಕ್ಕೆ 0ಯಿಂದ 3, ಒಟ್ಟು 27. ಹತ್ತು ಮುಟ್ಟಿದರೆ ಮಧ್ಯಮ, 15 ಮುಟ್ಟಿದರೆ ಅದಕ್ಕಿಂತ ಹೆಚ್ಚು, 20 ಮತ್ತು ಮೇಲೆ ತೀವ್ರ. ಆತಂಕಕ್ಕೆ ಜಿಎಡಿ-7, ಒಟ್ಟು 21. ಆಘಾತಕ್ಕೆ ಪಿಸಿಎಲ್-5, 20 ಪ್ರಶ್ನೆ, ಒಟ್ಟು 80, 31ರಿಂದ 33ರ ಆಚೆಗೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ) ಇರಬಹುದೇ ಎಂದು ವಿವರವಾಗಿ ನೋಡುತ್ತಾರೆ. ಇವು ಜರಡಿಗಳು ಮಾತ್ರ, ಅಂಕ ನೋಡಿ ಕಾಯಿಲೆ ಹೇಳುವುದಲ್ಲ. ಕೆಲವರು ಕೇಸು ಗಟ್ಟಿಯಾಗಲಿ ಎಂದು ಎಲ್ಲದಕ್ಕೂ 3 ಹಾಕಿ 27ಕ್ಕೆ 27 ತರುತ್ತಾರೆ. ಅದರಿಂದ ಕೆಡುವುದೇ ಹೆಚ್ಚು. ಚಲಿಸಲೂ ಆಗದಷ್ಟು ಖಿನ್ನತೆ ಎಂದು ಅಂಕ ಹೇಳುತ್ತದೆ, ಅದೇ ಕಡತದಲ್ಲಿರುವ ಸಂಬಳದ ಚೀಟಿ ಆ ತಿಂಗಳು ಹನ್ನೆರಡು ಗಂಟೆಯ ಪಾಳಿಗಳ ಜೊತೆ ಓವರ್‌ಟೈಮ್ ಮಾಡಿದ್ದಾಳೆ ಎನ್ನುತ್ತದೆ. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಅನುಭವಿ ಸೈಕಾಲಜಿಸ್ಟ್ ಉತ್ಪ್ರೇಕ್ಷೆಯನ್ನು ಹಿಡಿಯುವ ಪರೀಕ್ಷೆಯನ್ನೂ ಸೇರಿಸುತ್ತಾರೆ. ಅದು ನಿಮ್ಮ ವಿರುದ್ಧ ಎಂದುಕೊಳ್ಳಬೇಡಿ, ಅದರಲ್ಲಿ ಪಾಸಾದರೆ ಉಳಿದ ಅಂಕಕ್ಕೆ ಬೆಲೆ ಬರುತ್ತದೆ.

ಹೋಲಿಸಿ ನೋಡಲು ಒಂದು ಕಲ್ಪಿತ ಮಾದರಿ ಕೊಡುತ್ತೇನೆ. ಸಾಧಾರಣ ವರದಿ ಹೀಗೆ ಬರೆಯುತ್ತದೆ: "ನಿದ್ದೆ ಇಲ್ಲ, ಕೆಲಸದಲ್ಲಿ ಗಮನವಿಲ್ಲ, ತುಂಬಾ ಅಳುತ್ತಾರೆ." ಒಳ್ಳೆಯದು ಹೀಗೆ: "ಗಂಡ ಹೊರಟ ನಂತರ ಮಗು ರಾತ್ರಿ ಎರಡು ಮೂರು ಸಲ ಏಳುತ್ತದೆ. ಈಕೆ ಸಿಗುವ ನಾಲ್ಕು ಗಂಟೆ ನಿದ್ದೆಯ ಮೇಲೆ ಪಾಳಿಗೆ ಹೋಗುತ್ತಾರೆ. ಮಾರ್ಚಿನಲ್ಲಿ ರೋಗಿಗೆ ಔಷಧದ ಪ್ರಮಾಣ ತಪ್ಪಾಗುವುದು ಸ್ವಲ್ಪದರಲ್ಲಿ ತಪ್ಪಿದ್ದು, ಮೇಲಧಿಕಾರಿಯ ಲಿಖಿತ ಎಚ್ಚರಿಕೆ ಲಗತ್ತಿಸಿದೆ. ಜನವರಿಯಲ್ಲಿ ಪಿಎಚ್‌ಕ್ಯೂ-9ರಲ್ಲಿ 17, ಏಪ್ರಿಲಿನಲ್ಲಿ 18. ನಡುವೆ ಫ್ಯಾಮಿಲಿ ಡಾಕ್ಟರ್ ಖಿನ್ನತೆಯ ಔಷಧ ಸರ್ಟ್ರಲೀನನ್ನು 50ರಿಂದ 100 ಮಿಲಿಗ್ರಾಮಿಗೆ ಏರಿಸಿದ್ದಾರೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ಒಮ್ಮೆ ಖಿನ್ನತೆಗೆ ಚಿಕಿತ್ಸೆ ಪಡೆದಿದ್ದರು, ದಾಖಲೆ ನೋಡಿದ್ದೇನೆ. ಹಿಂದೆ ಒಮ್ಮೆ ಬಂದದ್ದರಿಂದ ಮರುಕಳಿಸುವ ಸಾಧ್ಯತೆ ಹೆಚ್ಚು." ಇಲ್ಲಿ ಪ್ರತಿಯೊಂದು ಮಾತಿಗೂ ಒಂದು ಕಾಗದವಿದೆ. ಹಳೆಯ ಖಿನ್ನತೆಯನ್ನು ಮನೆಯವರು ಮುಚ್ಚಿಡುತ್ತಾರೆ, ಮರ್ಯಾದೆಯ ಪ್ರಶ್ನೆ ಎನ್ನುತ್ತಾರೆ. ಈ ಕೇಸಿನಲ್ಲಿ ಅದೇ ಅತ್ಯಂತ ಬೆಲೆಬಾಳುವ ಸಂಗತಿ.

ರೋಗನಿರ್ಣಯದಲ್ಲಿ ಆಗುವ ದೊಡ್ಡ ತಪ್ಪೆಂದರೆ ವೀಸಾ ನಿರಾಕರಣೆಯಿಂದ ಪಿಟಿಎಸ್‌ಡಿ ಬಂತು ಎಂದು ಬರೆಯುವುದು. 2022ರಲ್ಲಿ ಪರಿಷ್ಕೃತವಾದ ಡಿಎಸ್‌ಎಂ-5-ಟಿಆರ್ (ಮಾನಸಿಕ ಕಾಯಿಲೆ ಗುರುತಿಸಲು ಅಮೆರಿಕದಲ್ಲಿ ಬಳಸುವ ಕೈಪಿಡಿ) ಪ್ರಕಾರ ಪಿಟಿಎಸ್‌ಡಿಗೆ ಸಾವು ಅಥವಾ ಸಾವಿನ ಬೆದರಿಕೆ, ಗಂಭೀರ ಗಾಯ, ಲೈಂಗಿಕ ಹಿಂಸೆ ಇಂಥ ಘಟನೆ ಇರಲೇಬೇಕು. ಕಾನ್ಸುಲೇಟಿನ ಕಾಗದ ಎಷ್ಟೇ ಕ್ರೂರವಾಗಿದ್ದರೂ ಆ ಪಟ್ಟಿಯಲ್ಲಿಲ್ಲ. ಒತ್ತಡ ಶುರುವಾಗಿ ಮೂರು ತಿಂಗಳೊಳಗೆ ಲಕ್ಷಣ ಬಂದಿದ್ದರೆ ಅಡ್ಜಸ್ಟ್‌ಮೆಂಟ್ ಡಿಸಾರ್ಡರ್, ಅಂದರೆ ಒತ್ತಡಕ್ಕೆ ಹೊಂದಿಕೊಳ್ಳಲಾಗದ ತೊಂದರೆ, ಇರಬಹುದು. ಒಂಬತ್ತು ಲಕ್ಷಣಗಳಲ್ಲಿ ಐದು ಎರಡು ವಾರ ಇದ್ದರೆ, ಅದರಲ್ಲೊಂದು ಬೇಸರ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದಾದರೆ, ಮೇಜರ್ ಡಿಪ್ರೆಷನ್. ದೊಡ್ಡ ಹೆಸರಿನ ಕಾಯಿಲೆ ಬೇಕೆಂದು ಹಠ ಹಿಡಿಯಬೇಡಿ. ದಾಖಲೆಯ ಆಸರೆ ಇರುವ ಸಣ್ಣ ಹೆಸರು, ಆಸರೆಯಿಲ್ಲದ ದೊಡ್ಡ ಹೆಸರಿಗಿಂತ ಗಟ್ಟಿ.

ಈಗ ನಿಮ್ಮೂರಿನ ಭಾಗಕ್ಕೆ ಬರುತ್ತೇನೆ. ಇಲ್ಲೇ ಹೆಚ್ಚು ಎಡವುವುದು. ಹೆಂಡತಿ ಇಲ್ಲಿಗೆ ಬಂದರೆ ಕಷ್ಟ ಎಂದು ತೋರಿಸುವಾಗ "ಭಾರತದಲ್ಲಿ ಮಾನಸಿಕ ಚಿಕಿತ್ಸೆಯೇ ಸಿಗುವುದಿಲ್ಲ" ಎಂದು ಅಲ್ಲಿನ ಸೈಕಾಲಜಿಸ್ಟ್ ಬರೆದರೆ ಕೇಸು ಅಲ್ಲೇ ಸಡಿಲ. ಮಣಿಪಾಲದ ಕೆಎಂಸಿ, ಕಂಕನಾಡಿಯ ಫಾದರ್ ಮುಲ್ಲರ್, ಸರಕಾರಿ ವೆನ್ಲಾಕ್ ಎಲ್ಲವೂ ಅಧಿಕಾರಿಯ ಒಂದು ಹುಡುಕಾಟಕ್ಕೆ ಸಿಗುತ್ತವೆ. ಕೆಲಸ ಮಾಡುವ ಹಾಗಿಲ್ಲ ಎನ್ನುವುದೂ ನಿಲ್ಲುವುದಿಲ್ಲ. ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದ್ದರೆ ಇಲ್ಲಿ ವಾಸಿಸಬಹುದು, ದುಡಿಯಬಹುದು, ನರ್ಸ್ ವೃತ್ತಿಯಲ್ಲಿ ಅನಿವಾಸಿ ಭಾರತೀಯರಿಗೆ ಇರುವ ಅವಕಾಶವೇ ಅವರಿಗೂ ಇದೆ. "ಭಾಷೆ ಬರುವುದಿಲ್ಲ" ಎಂದರೆ ಇಲ್ಲಿ ಹುಟ್ಟಿದವಳು ತಾನೇ ಎನ್ನುತ್ತಾರೆ.

ಬರೆಯಬೇಕಾದದ್ದು ಇದಕ್ಕಿಂತ ಸಣ್ಣದು, ನಿಖರವಾದದ್ದು. ಒಂಬತ್ತಕ್ಕೇ ಊರು ಬಿಟ್ಟವಳು ಮನೆಯಲ್ಲಿ ತುಳು ಆಡುತ್ತಾಳೆ. ಕನ್ನಡ ಓದಲು ಬರೆಯಲು ಬರುತ್ತದೆಯೇ? ಆಸ್ಪತ್ರೆಯಲ್ಲಿ ರೋಗಿಯ ಕಡತ, ಬ್ಯಾಂಕು, ಮಗುವಿನ ಶಾಲೆ ನಿಭಾಯಿಸುವಷ್ಟು? ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ನೋಂದಣಿಯಾಗುವವರೆಗೆ ಆದಾಯವೇನು? ಇಲ್ಲಿ ಹೊಸದಾಗಿ ಆರೋಗ್ಯ ವಿಮೆ ಮಾಡಿಸಿದರೆ ಮೊದಲೇ ಇದ್ದ ಕಾಯಿಲೆಗೆ 36 ತಿಂಗಳವರೆಗೆ ಕಾಯಿಸಬಹುದು, ಆ ಅವಧಿಯಲ್ಲಿ ಆಸ್ಪತ್ರೆಗೆ ಸೇರಬೇಕಾಗಿ ಬಂದರೆ ಆ ಖರ್ಚು ಯಾರ ತಲೆಯ ಮೇಲೆ? ಎಲ್ಲಕ್ಕಿಂತ ಮುಖ್ಯ, ಅವಳ ತಂದೆತಾಯಿ ಅಲ್ಲೇ ಇದ್ದಾರಲ್ಲ? ಅವರನ್ನು ಡಯಾಲಿಸಿಸ್‌ಗೋ ಕಿಮೋಗೋ ಕರೆದೊಯ್ಯುವವಳು ಇವಳೇ ಆಗಿದ್ದರೆ, ಬೇರೆ ಮಕ್ಕಳಿಲ್ಲದಿದ್ದರೆ, ಅದು ಸಾಮಾನ್ಯ ಪರಿಣಾಮವನ್ನು ದಾಟುವ ಸಂಗತಿ. ನಿಮ್ಮ ಪ್ರಶ್ನೆಯಲ್ಲಿ ಅದರ ಮಾತೇ ಇಲ್ಲ. ಮೊದಲು ಅದನ್ನು ವಿಚಾರಿಸಿ.

ಇಲ್ಲಿಂದ ಕಳಿಸಬಹುದಾದ ಕಾಗದಗಳೂ ಇವೆ. ಒಂಬತ್ತು ವರ್ಷದೊಳಗೆ ಅವಳಿಗೆ ಇಲ್ಲಿ ಏನಾದರೂ ಚಿಕಿತ್ಸೆಯಾಗಿದ್ದರೆ, ಆಘಾತದ ಘಟನೆ ನಡೆದಿದ್ದರೆ ಅದರ ದಾಖಲೆ ಹುಡುಕಿ. 2002ರ ವೈದ್ಯಕೀಯ ಕೌನ್ಸಿಲ್ ನಿಯಮಗಳಲ್ಲಿ ಒಳರೋಗಿಯ ದಾಖಲೆ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದಿದೆ. ಅದಕ್ಕಿಂತ ಹಳೆಯದು ಸಿಕ್ಕರೆ ಪುಣ್ಯ. ಮನೋವೈದ್ಯಕೀಯ ದಾಖಲೆಯನ್ನು ರೋಗಿ ತಾನೇ ಕೇಳುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಕಲಮಿನಲ್ಲಿದೆ. ನೀವು ಹೋಗಿ ಕೇಳಿದರೆ ಕೊಡಲಿಕ್ಕಿಲ್ಲ, ಅವಳು ಬಂದಾಗ ಖುದ್ದು ಅರ್ಜಿ ಕೊಡಲಿ. ಅವಳ ಈಗಿನ ಕಾಯಿಲೆಗೆ, ಈಗಿನ ಔಷಧಕ್ಕೆ ಇಲ್ಲಿ ಮುಂದುವರಿಕೆ ಹೇಗೆ, ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ಥೆರಪಿ ಸಿಗುವುದೇ, ಎಷ್ಟು ಕಾಯಬೇಕು, ಖರ್ಚೆಷ್ಟು ಎಂದು ಇಲ್ಲಿನ ಮನೋವೈದ್ಯರೊಬ್ಬರು ಒಂದು ಪುಟ ಬರೆದುಕೊಟ್ಟರೆ ಅಲ್ಲಿನ ವರದಿಗೆ ಅದು ಆಧಾರವಾಗುತ್ತದೆ. ವೈದ್ಯರಾದರೆ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ, ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಪುನರ್ವಸತಿ ಕೌನ್ಸಿಲ್, ಅಂದರೆ ಆರ್‌ಸಿಐ, ನೋಂದಣಿ ಸಂಖ್ಯೆ ಇರಲೇಬೇಕು. ಬರೀ ಎಂಎ ಓದಿ ಕೌನ್ಸೆಲಿಂಗ್ ಮಾಡುವವರ ಪತ್ರ ಬೇಡ.

ಕನ್ನಡದಲ್ಲಿರುವ ಯಾವ ಕಾಗದವಾದರೂ ಪೂರ್ತಿ ಇಂಗ್ಲಿಷಿಗೆ ಆಗಬೇಕು. ಅನುವಾದ ಪೂರ್ಣ, ಸರಿ, ನನಗೆ ಎರಡೂ ಭಾಷೆ ಬರುತ್ತದೆ ಎಂದು ಅನುವಾದಕರು ಸಹಿ ಹಾಕಬೇಕು. ನೋಟರಿ ಮುದ್ರೆ ಕೇಳಿಲ್ಲ, ಸಹಿ ಕೇಳಿದೆ. ಅವಳ ಅಮ್ಮನನ್ನು ಸೈಕಾಲಜಿಸ್ಟ್ ಸಂದರ್ಶಿಸುವುದಾದರೆ ಮನೆಯವರು ದುಭಾಷಿಯಾಗಬಾರದು. "ಮಂಡೆಬೆಚ್ಚ" ಎಂದರೆ ತಲೆನೋವು ಎಂದು ಅನುವಾದಿಸಿ ಮುಗಿಸುವವರಿದ್ದಾರೆ. ತುಳುವಿನಲ್ಲಿ ಅದು ಚಿಂತೆ, ತಲೆಬಿಸಿ. ಪದವನ್ನು ಹಾಗೇ ಉಳಿಸಿ ಅರ್ಥ ಪಕ್ಕದಲ್ಲಿ ಕೊಡಬೇಕು. ತೀರಿಕೊಂಡ ಹಿರಿಯರು ಕನಸಿನಲ್ಲಿ ಬಂದರು, ದೈವದ ನುಡಿಯಾಯಿತು ಎಂದರೆ ಅದು ಭ್ರಮೆಯ ಕಾಯಿಲೆ ಎಂದು ಊರು ತಿಳಿಯದವರು ಬರೆದುಬಿಡಬಹುದು. ಡಿಎಸ್‌ಎಂನಲ್ಲೇ ಇದಕ್ಕೆಂದು 16 ಪ್ರಶ್ನೆಗಳ ಸಾಂಸ್ಕೃತಿಕ ಸಂದರ್ಶನವಿದೆ, ಅದನ್ನು ಬಳಸುವಂತೆ ಕೇಳಿಕೊಳ್ಳಿ.

ತಮ್ಮನಿಗೆ ಮಾಡಿಸಿದ ಸರ್ಟಿಫಿಕೇಟಿನ ಬಗ್ಗೆ ಒಂದು ಎಚ್ಚರಿಕೆ. ವೀಸಾಕ್ಕೆ ಮುಂಚೆ ಕಾನ್ಸುಲೇಟ್ ನೇಮಿಸಿದ ವೈದ್ಯರ ಬಳಿ ಆಗುವ ತಪಾಸಣೆ ಬೇರೆಯೇ. ಅಲ್ಲಿ ಮಾನಸಿಕ ಕಾಯಿಲೆಯ ಜೊತೆ ತನಗೋ ಇತರರಿಗೋ ಅಪಾಯ ಮಾಡುವ ನಡವಳಿಕೆ ಇದೆಯೇ, ಇದ್ದದ್ದು ಮರುಕಳಿಸಬಹುದೇ ಎಂದು ನೋಡುತ್ತಾರೆ. ಕುಡಿತದ ಚಟವೂ ಇದರಲ್ಲಿ ಬರುತ್ತದೆ. ಹಾಗೆಂದು ತೀರ್ಮಾನವಾದರೆ ಅದೇ ಬೇರೊಂದು ನಿರ್ಬಂಧ. ಸಹಾನುಭೂತಿ ಬರಲಿ ಎಂದು "ಆತ್ಮಹತ್ಯೆಯ ಯೋಚನೆ, ಕುಡಿತ" ಎಂದು ತಮ್ಮನ ಹೆಸರಲ್ಲಿ ಬರೆಸಿದ್ದರೆ, ಅದನ್ನು ಏನು ಮಾಡಬೇಕೆಂದು ವಕೀಲರ ಜೊತೆ ಕೂಡಲೇ ಮಾತಾಡಿ. ನಿಜವಾಗಿಯೂ ಹಾಗಿದ್ದರೆ ಮುಚ್ಚಿಡಬಾರದು, ಮೊದಲು ಅವರಿಗೆ ಚಿಕಿತ್ಸೆ ಆಗಬೇಕು.

ಇದೇ ಹೆಸರಿನ ವರದಿ ಬೇರೆ ಕೇಸುಗಳಲ್ಲೂ ಬೇಕಾಗುತ್ತದೆ, ಆದರೆ ಪ್ರಶ್ನೆ ಬೇರೆ. ಪ್ರಜೆಯೋ ಗ್ರೀನ್ ಕಾರ್ಡಿನವನೋ ಆದ ಗಂಡನ ಹಿಂಸೆಗೆ ಸಿಕ್ಕವರು ತಾವೇ ಅರ್ಜಿ ಹಾಕುವಾಗ ಕ್ರೌರ್ಯದ ಪರಿಣಾಮ ತೋರಿಸಬೇಕು. ಗಂಡ ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವನಾದರೆ ಆ ದಾರಿಯಿಲ್ಲ. ಆಶ್ರಯ ಕೇಳುವವರದ್ದು ಇನ್ನೊಂದು, ಅಲ್ಲಿ ಅರ್ಜಿ ಹಾಕಲು ಇರುವ ಒಂದು ವರ್ಷದ ಗಡುವು ಮೀರಿದ್ದಕ್ಕೆ ಮಾನಸಿಕ ಕಾಯಿಲೆ ಕಾರಣವಾಗಬಲ್ಲದು. ಬೇರೆಯವರ ವರದಿಯನ್ನು ಮಾದರಿಯೆಂದು ಇಟ್ಟುಕೊಳ್ಳುವ ಮೊದಲು ಅದು ಯಾವ ಅರ್ಜಿಯದ್ದು ಎಂದು ನೋಡಿ.

ಕ್ರಮ ಹೀಗಿರಲಿ. ಹೊರಡುವ ಮೊದಲೇ ಅವಳು ಅಲ್ಲಿ ಎರಡು ಭೇಟಿ ಮುಗಿಸಲಿ. ಇಲ್ಲಿದ್ದಾಗ ದಾಖಲೆ ಕೇಳುವ ಅರ್ಜಿ, ಮನೋವೈದ್ಯರ ಪುಟ ಆಗಲಿ. ವಾಪಸಾದ ಮೇಲೆ ಮೂರನೆಯ ಭೇಟಿ. ಮತ್ತೆ ಅಗಲಿದ ಮೇಲಿನ ಸ್ಥಿತಿಯೂ ಆಗ ದಾಖಲಾಗುತ್ತದೆ. ಕರಡು ಬಂದಾಗ ವಕೀಲರು ತಾರೀಕು, ಪಾಸ್‌ಪೋರ್ಟಿನಂತೆ ಹೆಸರಿನ ಕಾಗುಣಿತ, ಇನಿಷಿಯಲ್ ಇವಷ್ಟನ್ನೇ ತಿದ್ದಿಸಬೇಕು, ಅಭಿಪ್ರಾಯವನ್ನಲ್ಲ. ವರದಿಯಲ್ಲಿ ಥೆರಪಿಗೆ ಹೋಗಿ ಎಂದಿದ್ದರೆ ಅವಳು ಹೋಗಲೇಬೇಕು. ಇಲಾಖೆ ಹೆಚ್ಚಿನ ಸಾಕ್ಷ್ಯ ಕೇಳಿ ಪತ್ರ ಬರೆದರೆ ಉತ್ತರಕ್ಕೆ ಕೊಡುವುದು ಹೆಚ್ಚೆಂದರೆ 84 ದಿನ, ಜೊತೆಗೆ ಅಂಚೆಗೆಂದು ಕೆಲವು ದಿನ. ಪತ್ರದಲ್ಲಿರುವ ತಾರೀಕೇ ಕೊನೆ. ಆಗ ಚಿಕಿತ್ಸೆಯ ರಸೀದಿಗಳಿದ್ದರೆ ಸೈಕಾಲಜಿಸ್ಟ್ ಎರಡು ಪುಟದ ಪೂರಕ ವರದಿ ಬರೆಯಬಹುದು. ಇಲ್ಲದಿದ್ದರೆ ಬರೆಯಲು ಅವರ ಬಳಿ ಏನೂ ಇರುವುದಿಲ್ಲ.